ಅಮೆರಿಕದ ಪಿಇ ಲೈಸೆನ್ಸು: ಬೆಂಗಳೂರಿನ ಅನುಭವಕ್ಕೆ ಸಹಿ ಹಾಕೋರು ಯಾರು?

ತುಂಗಾತೀರ (ಹ್ಯೂಸ್ಟನ್)

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನಲ್ಲಿ ಸಿವಿಲ್ ಪಿಇ (ಪ್ರೊಫೆಷನಲ್ ಎಂಜಿನಿಯರ್, ಅಂದರೆ ರಾಜ್ಯದ ಲೈಸೆನ್ಸ್ ಇರೋ ಎಂಜಿನಿಯರ್) ಆದವರು ಯಾರಾದರೂ ಇದ್ದರೆ ದಯವಿಟ್ಟು ಓದಿ ಹೇಳಿ.

ನಂದು ವಿಟಿಯು ಬಿಇ ಸಿವಿಲ್, 2017. ಕಾಲೇಜು ಆಗ ಆಟಾನಮಸ್ ಆಗಿರಲಿಲ್ಲ. ಆಮೇಲೆ ಮೂರು ವರ್ಷ ಬೆಂಗಳೂರಿನ ಒಂದು ಡಿಸೈನ್ ಸೆಂಟರ್‌ನಲ್ಲಿದ್ದೆ. ಕೂತಿದ್ದು ವೈಟ್‌ಫೀಲ್ಡಲ್ಲಿ, ಲೆಕ್ಕ ಹಾಕಿದ್ದೆಲ್ಲ ಅಮೆರಿಕದ ಗೋದಾಮು, ಪಾರ್ಕಿಂಗ್ ಗ್ಯಾರೇಜುಗಳಿಗೆ. ನಂತರ ಇಲ್ಲೇ ಟೆಕ್ಸಸ್‌ನಲ್ಲಿ ಎಂಎಸ್, ಈಗ ಎರಡು ವರ್ಷದಿಂದ ಹ್ಯೂಸ್ಟನ್‌ನ ಸಣ್ಣ ಸ್ಟ್ರಕ್ಚರಲ್ ಆಫೀಸಲ್ಲಿ ಕೆಲಸ. ಎಫ್‌ಇ (ಪಿಇಗೆ ಮೊದಲು ಬರೆಯೋ ಮೂಲ ಪರೀಕ್ಷೆ) ಆಗಿದೆ.

ನಾಲ್ಕು ವರ್ಷ ಅನುಭವ ಬೇಕು ಅಂತಾರೆ. ಬೆಂಗಳೂರಿನ ಮೂರು ವರ್ಷ ಸೇರಿದರೆ ಈಗಲೇ ಅರ್ಜಿ ಹಾಕಬಹುದು. ಸೇರದಿದ್ದರೆ ಇನ್ನೆರಡು ವರ್ಷ. ಆಫೀಸಿನಲ್ಲಿ ಕೇಳಿದರೆ "ವಿದೇಶದ್ದೆಲ್ಲ ಗೊತ್ತಿಲ್ಲಮ್ಮ" ಅನ್ನೋ ಧಾಟಿಯ ಉತ್ತರ ಬರುತ್ತೆ.

ಪಾಂಡು_ಪ್ಲೇನೋ

ಭಾರತದ ಅನುಭವ ತಗೊಳ್ಳಲ್ಲ. ಸುಮ್ಮನೆ ಕಾಯಿರಿ, ತಲೆನೋವು ಬೇಡ.

ಬೀಮ್‌ಭಟ್ಟ (ಆಸ್ಟಿನ್ ಕಡೆ)

ಪಾಂಡು ಅವರೇ, ತಗೊಳ್ಳಲ್ಲ ಅಂತ ನಿಯಮ ಎಲ್ಲೂ ಇಲ್ಲ. ಇಂಥ ಒಂದು ಸಾಲು ನಂಬಿ ವರ್ಷಗಟ್ಟಲೆ ಕಳಕೊಂಡವರನ್ನ ನೋಡಿದ್ದೀನಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ನಾನು ಸ್ಟ್ರಕ್ಚರಲ್, ಟೆಕ್ಸಸ್ ಪಿಇ, ನಮ್ಮ ಹುಡುಗ ಹುಡುಗಿಯರ ಅರ್ಜಿಗಳಿಗೆ ರೆಫರೆನ್ಸ್ ಕೊಟ್ಟು ಅಭ್ಯಾಸ ಇದೆ.

ಮೊದಲು ಡಿಗ್ರಿ. ನಿಮ್ಮ ಅನುಭವ ಎಷ್ಟು ವರ್ಷದ್ದು ಬೇಕು ಅನ್ನೋದು ಡಿಗ್ರಿ ಮೇಲೆ ನಿಂತಿದೆ. ಟೆಕ್ಸಸ್ ಕಾನೂನಿನಲ್ಲಿ ಎರಡು ದಾರಿ. ಎಬಿಇಟಿ (ಅಮೆರಿಕದಲ್ಲಿ ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆಯ ಎಂಜಿನಿಯರಿಂಗ್ ಪದವಿ, ಅಥವಾ ಬೋರ್ಡ್ (ಲೈಸೆನ್ಸ್ ಕೊಡೋ ರಾಜ್ಯದ ಮಂಡಳಿ) ಅದಕ್ಕೆ ಸಮ ಅಂತ ಒಪ್ಪಿದ್ದು ಇದ್ದರೆ 4 ವರ್ಷ. ಆ ಮಟ್ಟಕ್ಕೆ ಬರದ, ಆದರೂ ಬೋರ್ಡ್ ಅಂಗೀಕರಿಸಿದ ಪದವಿ ಆದರೆ 8 ವರ್ಷ. ನಾಲ್ಕೋ ಎಂಟೋ ಅಂತ ತೀರ್ಮಾನ ಆಗದೆ ಬೆಂಗಳೂರಿನ ಮೂರು ವರ್ಷದ ಬಗ್ಗೆ ಯೋಚಿಸಿ ಪ್ರಯೋಜನ ಇಲ್ಲ.

ವಿಟಿಯು ಬಿಇಯನ್ನು ಎನ್‌ಸಿಇಇಎಸ್‌ನ (ರಾಜ್ಯ ಬೋರ್ಡುಗಳ ಒಕ್ಕೂಟ, ಪರೀಕ್ಷೆ ನಡೆಸೋದೂ ಇದೇ) ಪದವಿ ಮೌಲ್ಯಮಾಪನಕ್ಕೆ ಹಾಕಿ. ಅವರು ಅಂಕ ನೋಡೋದಕ್ಕಿಂತ ವಿಷಯಗಳ ತೂಕ ನೋಡ್ತಾರೆ: ಉನ್ನತ ಗಣಿತ ಮತ್ತು ಮೂಲ ವಿಜ್ಞಾನ 32 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ವಿಜ್ಞಾನ ಮತ್ತು ಡಿಸೈನ್ 48, ಅದರ ಮೇಲೆ ಭಾಷೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರದಂಥ ಸಾಮಾನ್ಯ ವಿಷಯಗಳು. ನಮ್ಮ ಕಡೆಯವರಿಗೆ 48ರಲ್ಲಿ ಎಂದೂ ಕೊರತೆ ಬರಲ್ಲ. ಎಂಟು ಸೆಮ್ ಅದನ್ನೇ ಅಲ್ವಾ ಮಾಡಿದ್ದು! ಕೊರತೆ ಬರೋದು ಸಾಮಾನ್ಯ ವಿಷಯಗಳಲ್ಲಿ, ಅಪರೂಪಕ್ಕೆ ಗಣಿತ-ವಿಜ್ಞಾನದಲ್ಲಿ. ಬಂದರೂ ಗಾಬರಿ ಬೇಡ. ಕಮ್ಯುನಿಟಿ ಕಾಲೇಜಲ್ಲಿ ಒಂದೆರಡು ಕೋರ್ಸ್ ಮಾಡಿ ಅಥವಾ ಸಿಎಲ್‌ಇಪಿ (ಕೋರ್ಸ್ ಮಾಡದೆ ಕಾಲೇಜು ಕ್ರೆಡಿಟ್ ಕೊಡಿಸೋ ಪರೀಕ್ಷೆ) ಬರೆದು ತುಂಬಿಸ್ತಾರೆ.

ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರ ಹೋಗಬೇಕು. ಇದಕ್ಕೆ ಊರಲ್ಲಿ ಓಡಾಡೋರು ಒಬ್ಬರು ಇದ್ದರೆ ಒಳ್ಳೆಯದು. ಮಿಕ್ಕಿದ್ದಕ್ಕಿಂತ ಹೆಚ್ಚು ಸಮಯ ತಿನ್ನೋದು ಇದೇ, ಆದ್ದರಿಂದ ಇವತ್ತೇ ಶುರು ಮಾಡಿ.

ಅನುಭವದ ಬಗ್ಗೆ ಸಂಜೆ ಬರೀತೀನಿ, ಸೈಟಿಗೆ ಹೊರಟಿದ್ದೀನಿ.

ತುಂಗಾತೀರ

ಭಟ್ಟರೇ, ತುಂಬಾ ಉಪಕಾರ ಆಯ್ತು. ಎಂಎಸ್ ಇಲ್ಲೇ ಮಾಡಿದ್ದಕ್ಕೆ ಏನೂ ಬೆಲೆ ಇಲ್ಲವೇ? ಬಿಇನೇ ಯಾಕೆ ಕೆದಕಬೇಕು?

ಕೃಷ್ಣರಾಜಸಾಗರ (ಫೀನಿಕ್ಸ್)

ಎಲ್ಲರೂ ಎಡವೋ ಜಾಗ ಇದೇ. ಎಬಿಇಟಿ ಮಾನ್ಯತೆ ಕೊಡೋದು ಹೆಚ್ಚುಪಾಲು ಬ್ಯಾಚುಲರ್ ಪದವಿಗಳಿಗೆ. ನೀವು ಎಷ್ಟೇ ದೊಡ್ಡ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡಿದರೂ ಆ ಎಂಎಸ್‌ಗೆ ಸಾಮಾನ್ಯವಾಗಿ ಎಬಿಇಟಿ ಮುದ್ರೆ ಇರಲ್ಲ. ಬ್ಯಾಚುಲರ್‌ಗೆ ಮಾನ್ಯತೆ ಇರೋ ವಿಭಾಗದಲ್ಲಿ ಎಂಎಸ್ ಮಾಡಿದ್ದನ್ನು ಕೆಲವು ರಾಜ್ಯಗಳು ಪರಿಗಣಿಸುತ್ತವೆ, ಕೆಲವು ಇಲ್ಲ. ಹಲವು ಕಡೆ ಎಂಎಸ್‌ಗೆ ಒಂದು ವರ್ಷದ ಅನುಭವದ ಬೆಲೆ ಕೊಡ್ತಾರೆ. ಆದರೆ ಬಿಇ ತನ್ನ ಕಾಲ ಮೇಲೆ ತಾನು ನಿಂತರೆ ನಾಳೆ ಬೇರೆ ರಾಜ್ಯಕ್ಕೆ ಹೋದಾಗಲೂ ನಿಮಗೆ ಅನುಕೂಲ. ಜೊತೆಗೆ ಬಿಇ ಮುಗಿದ ದಿನದಿಂದಲೇ ಅನುಭವ ಎಣಿಸಿ ಅಂತ ಕೇಳೋಕೂ ಅದೇ ಆಧಾರ.

ಎಂಎಸ್ ಓದುತ್ತಾ ಮಾಡಿದ ಕೆಲಸವನ್ನೂ ಎಂಎಸ್‌ನ ವರ್ಷವನ್ನೂ ಎರಡೂ ಕಡೆ ಎಣಿಸೋ ಆಸೆ ಬೇಡ, ಒಂದೇ ಕಾಲಕ್ಕೆ ಎರಡು ಸಲ ಬೆಲೆ ಸಿಗಲ್ಲ.

ಲ್ಯಾಟರಲ್‌ಎಂಟ್ರಿ (ಡೆಟ್ರಾಯಿಟ್)

ನನ್ನಂಥವರಿಗೂ ಒಂದು ಮಾತು. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮ್‌ಗೆ ಸೇರಿದವರ ಬಿಇ ಟ್ರಾನ್ಸ್‌ಕ್ರಿಪ್ಟಲ್ಲಿ ಮೊದಲ ವರ್ಷದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಇರೋದೇ ಇಲ್ಲ. 32 ಕ್ರೆಡಿಟ್ ಲೆಕ್ಕ ಹಾಕುವಾಗ ಅಲ್ಲೇ ತೂತು ಕಾಣುತ್ತೆ. ನಾನು ಡಿಪ್ಲೊಮಾ ಅಂಕಪಟ್ಟಿಯನ್ನೂ ಕಳಿಸಿದೆ, ಎಲ್ಲವನ್ನೂ ಪದವಿ ಮಟ್ಟದ್ದು ಅಂತ ಒಪ್ಪಲಿಲ್ಲ. ಕೊನೆಗೆ ಕಮ್ಯುನಿಟಿ ಕಾಲೇಜಲ್ಲಿ ಹದಿನೆಂಟು-ಹತ್ತೊಂಬತ್ತರ ಮಕ್ಕಳ ಪಕ್ಕ ಕೂತು ಕೆಮಿಸ್ಟ್ರಿ ಮಾಡಿದ್ದಾಯ್ತು. ಲ್ಯಾಬ್ ಪಾರ್ಟ್‌ನರ್ ನನ್ನನ್ನ ಮೇಷ್ಟ್ರು ಅಂದ್ಕೊಂಡಿದ್ದ.

ಪಾಂಡು_ಪ್ಲೇನೋ

ವಾಷಿಂಗ್ಟನ್ ಒಪ್ಪಂದ ಅಂತ ಇದೆಯಲ್ಲ, ಒಂದು ದೇಶದ ಎಂಜಿನಿಯರಿಂಗ್ ಪದವಿಯ ಮಾನ್ಯತೆಯನ್ನ ಇನ್ನೊಂದು ದೇಶ ಒಪ್ಪೋದು? ಭಾರತವೂ ಸಹಿ ಹಾಕಿದೆ. ಆಮೇಲೆ ಈ ಮೌಲ್ಯಮಾಪನ ಯಾಕೆ?

ಕೃಷ್ಣರಾಜಸಾಗರ

ಹಾಕಿದೆ. ನಮ್ಮ ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡೋ ಭಾರತದ ಸಂಸ್ಥೆ) 2014ರ ಜೂನ್‌ನಲ್ಲಿ ಪೂರ್ಣ ಸದಸ್ಯ ಆಯ್ತು. ಆದರೆ ಅದು ಭಾರತದ ಎಲ್ಲ ಬಿಇಗೂ ಅನ್ವಯಿಸಲ್ಲ. ಎನ್‌ಬಿಎಯಲ್ಲಿ ಟೈರ್-1, ಟೈರ್-2 ಅಂತ ಎರಡು. ಒಪ್ಪಂದದ ಲಾಭ ಟೈರ್-1ಕ್ಕೆ ಮಾತ್ರ, ಅಂದರೆ ಸ್ವಾಯತ್ತ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯದ ಸ್ವಂತ ವಿಭಾಗಗಳು. ವಿಟಿಯು ಪಠ್ಯವನ್ನೇ ಬೋಧಿಸುವ ಸಂಯೋಜಿತ ಕಾಲೇಜುಗಳು ಟೈರ್-2ರಲ್ಲಿ ಬರುತ್ತವೆ. ಒಂದೇ ಊರು, ಒಂದೇ ಸಿಇಟಿ, ರ‍್ಯಾಂಕಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ, ಒಬ್ಬನಿಗೆ ಒಪ್ಪಂದ ಸಿಗುತ್ತೆ, ಇನ್ನೊಬ್ಬನಿಗಿಲ್ಲ. ಪಿಯುಸಿ ಮಕ್ಕಳಿಗೆ ಕೌನ್ಸೆಲಿಂಗ್ ಹೊತ್ತಲ್ಲಿ ಯಾರೂ ಇದನ್ನ ಹೇಳಲ್ಲ, ಹಾಸ್ಟೆಲ್ ಊಟದ ಬಗ್ಗೆ ಮಾತ್ರ ಎಲ್ಲರೂ ಹೇಳ್ತಾರೆ.

ಇದ್ದರೂ ಅದು ಓದಿಗೆ ಸಂಬಂಧಪಟ್ಟ ಒಪ್ಪಂದ ಮಾತ್ರ, ಲೈಸೆನ್ಸಿಗಲ್ಲ. ಲೈಸೆನ್ಸ್ ಕೊಡೋದು ಒಂದೊಂದು ರಾಜ್ಯದ ಬೋರ್ಡು, ಒಪ್ಪಂದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನೋದೂ ಅವರಿಗೇ ಬಿಟ್ಟಿದ್ದು.

ಬೀಮ್‌ಭಟ್ಟ

ಬಂದೆ. ಈಗ ಅನುಭವದ ವಿಚಾರ.

ತುಂಗಾತೀರ ಅವರೇ, ಯಾವ ದೇಶದಲ್ಲಿ ಕೂತು ಕೆಲಸ ಮಾಡಿದ್ರಿ ಅನ್ನೋದಕ್ಕಿಂತ ಬೋರ್ಡಿಗೆ ಮುಖ್ಯ ಆಗೋದು ಮೂರು ಸಂಗತಿ. ಆ ಕೆಲಸ ನಿಜಕ್ಕೂ ಎಂಜಿನಿಯರಿಂಗ್ ಆಗಿತ್ತಾ? ವರ್ಷದಿಂದ ವರ್ಷಕ್ಕೆ ಜವಾಬ್ದಾರಿ ಏರಿತಾ? ಹೌದು ಅಂತ ಬರೆದುಕೊಡೋ ಲೈಸೆನ್ಸುದಾರ ಎಂಜಿನಿಯರ್ ಇದ್ದಾರಾ? ನಮ್ಮವರ ಅರ್ಜಿ ಮುಗ್ಗರಿಸೋದು ಮೂರನೇದರಲ್ಲಿ. ಭಾರತದಲ್ಲಿ ಎಂಜಿನಿಯರಿಗೆ ರಾಷ್ಟ್ರಮಟ್ಟದ ಕಾನೂನುಬದ್ಧ ಲೈಸೆನ್ಸೇ ಇಲ್ಲ. ನಿಮ್ಮ ಬಾಸ್ ಮೂವತ್ತು ವರ್ಷ ಸೇತುವೆ ಕಟ್ಟಿದ ಮಹಾನುಭಾವ ಆಗಿರಬಹುದು, ಅವರ ಹೆಸರಿನ ಮುಂದೆ ಬರೆಯೋಕೆ ಒಂದು ಲೈಸೆನ್ಸ್ ನಂಬರ್ ಇರಲ್ಲ.

ಟೆಕ್ಸಸ್ ಅರ್ಜಿಗೆ ಕನಿಷ್ಠ ಮೂವರು ಪಿಇಗಳ ರೆಫರೆನ್ಸ್ ಬೇಕು, ನಿಮ್ಮ ಕೆಲಸವನ್ನ ಖುದ್ದು ಬಲ್ಲವರದ್ದು. ಹ್ಯೂಸ್ಟನ್ನಿನ ಎರಡು ವರ್ಷಕ್ಕೆ ನಿಮ್ಮ ಆಫೀಸಿನವರೇ ಆಗ್ತಾರೆ. ಬೆಂಗಳೂರಿನ ಮೂರು ವರ್ಷಕ್ಕೆ ಪ್ರಶ್ನೆ ಒಂದೇ: ನೀವು ಮಾಡಿದ ಲೆಕ್ಕಗಳನ್ನ ಇಲ್ಲಿ ಯಾರು ನೋಡ್ತಿದ್ದರು? ಡ್ರಾಯಿಂಗ್ ಮೇಲೆ ಯಾರ ಸೀಲ್ (ಪಿಇ ಹೊಣೆ ಹೊತ್ತು ಹಾಕೋ ಮುದ್ರೆ) ಬಿತ್ತು?

ತುಂಗಾತೀರ

ಮಿನಿಯಾಪೊಲಿಸ್‌ನಲ್ಲಿ ಒಬ್ಬರು ಇದ್ದರು. ವಾರಕ್ಕೆರಡು ರಾತ್ರಿ ಕಾಲ್. ನಮ್ಮ ಲೆಕ್ಕದ ಹಾಳೆಗೆ ಕೆಂಪು ಹಚ್ಚಿ ವಾಪಸ್ ಕಳಿಸ್ತಿದ್ದರು, ಕನೆಕ್ಷನ್ ಯಾಕೆ ಹೀಗೆ ಅಂತ ಬಿಡದೆ ಕೇಳ್ತಿದ್ದರು. ಸೀಲ್ ಅವರದ್ದೇ. ಈಗ ಆ ಕಂಪನಿ ಬಿಟ್ಟಿದ್ದಾರೆ. ಬೆಂಗಳೂರಿನ ಎಚ್‌ಆರ್ ಕೊಟ್ಟ ಪತ್ರದಲ್ಲಿ "ಇವರ ನಡತೆ ತೃಪ್ತಿಕರ" ಅಂತ ಇದೆ ಅಷ್ಟೇ.

ಬೀಮ್‌ಭಟ್ಟ

ಹಾಗಿದ್ರೆ ನಿಮ್ಮ ಕೆಲಸ ಮುಕ್ಕಾಲು ಆಯ್ತು ಅಂತಿಟ್ಕೊಳ್ಳಿ. ಕಂಪನಿ ಬಿಟ್ಟರೆ ಏನಂತೆ, ರೆಫರೆನ್ಸ್ ಕೊಡೋದು ಕಂಪನಿ ಅಲ್ಲ, ವ್ಯಕ್ತಿ. ಮಿನೆಸೋಟಾ ಬೋರ್ಡಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಗೊತ್ತಾಗುತ್ತೆ. ಎಲ್ಲ ರಾಜ್ಯಗಳಲ್ಲೂ ಇದು ಸಾರ್ವಜನಿಕ ಮಾಹಿತಿ. ಎಚ್‌ಆರ್ ಪತ್ರ ಬೋರ್ಡಿಗೆ ಬೇಡ.

ಅವರಿಗೆ ಬರೆಯುವಾಗ ಸುಮ್ಮನೆ "ರೆಫರೆನ್ಸ್ ಕೊಡ್ತೀರಾ" ಅನ್ನಬೇಡಿ. ಯಾವ ಪ್ರಾಜೆಕ್ಟು, ಯಾವ ಅವಧಿ, ನೀವು ಮಾಡಿದ್ದೇನು, ಅವರು ತಿದ್ದಿದ್ದೇನು ಅಂತ ಒಂದು ಪುಟ ಮಾಡಿ ಕಳಿಸಿ. ಐದು ವರ್ಷದ ಹಿಂದಿನ ಗ್ಯಾರೇಜನ್ನ ಅವರೇಕೆ ನೆನಪಿಟ್ಟುಕೊಳ್ಳಬೇಕು?

ಸುಮಾ_ಸ್ಯಾನ್‌ಹೊಸೆ

ಭಟ್ಟರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಇದು ಸೂಕ್ಷ್ಮ, ಯಾರೂ ಬಾಯಿಬಿಟ್ಟು ಹೇಳಲ್ಲ.

ಡಿಸೈನ್ ಸೆಂಟರ್‌ನಿಂದ ಬಂದವರು ಅನುಭವದ ವರದಿ ಬರೆಯುವಾಗ ಹುಮ್ಮಸ್ಸಿನಲ್ಲಿ "ಇಡೀ ಕಟ್ಟಡದ ವಿನ್ಯಾಸ ನಾನೊಬ್ಬನೇ ಮಾಡಿದೆ, ಅಮೆರಿಕದ ಪಿಇ ಸೀಲ್ ಹಾಕಿದರು" ಅಂತ ಬರೀತಾರೆ. ಇದರ ಅರ್ಥ ಏನಾಯ್ತು ಗೊತ್ತಾ? ಸೀಲ್ ಹಾಕೋ ಪಿಇ ಆ ಕೆಲಸವನ್ನ ಖುದ್ದು ನಿರ್ದೇಶಿಸಿರಬೇಕು, ನಿರ್ಧಾರಗಳು ಅವರ ಹಿಡಿತದಲ್ಲಿರಬೇಕು. ಬೇರೆಯವರು ಮಾಡಿಟ್ಟಿದ್ದಕ್ಕೆ ಬರೀ ಸೀಲ್ ಒತ್ತೋದು ಶಿಕ್ಷಾರ್ಹ. ಅಂದರೆ ನೀವು ಜಂಬಕ್ಕೆ ಬರೆದ ಒಂದು ಸಾಲು, ನಿಮಗೆ ಸಹಿ ಹಾಕಬೇಕಾದ ಮನುಷ್ಯನ ಮೇಲೆ ನೀವೇ ಕೊಟ್ಟ ದೂರಾಗುತ್ತೆ! ಅದನ್ನ ಓದಿದ ಮೇಲೆ ಅವರು ಯಾಕೆ ಸಹಿ ಹಾಕ್ತಾರೆ?

ಇನ್ನು ಕೆಲವರು ತದ್ವಿರುದ್ಧ. "ಸೀನಿಯರ್ ಹೇಳಿದಂತೆ ಮಾಡೆಲ್ ಮಾಡಿದೆ, ತಂಡಕ್ಕೆ ಸಹಾಯ ಮಾಡಿದೆ" ಅಂತ ಸಂಕೋಚದಲ್ಲಿ ಬರೀತಾರೆ. ಅದು ಡ್ರಾಫ್ಟಿಂಗ್ ಆಯ್ತು, ಎಂಜಿನಿಯರಿಂಗ್ ಆಗಲಿಲ್ಲ. "ನಾವು" ಅನ್ನೋದೇ ನಮ್ಮ ಅಭ್ಯಾಸ, ಅರ್ಜಿಯಲ್ಲಿ ಮಾತ್ರ "ನಾನು" ಬೇಕು. ನೀವು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ ಯಾವುದು, ಯಾವ ಕೋಡಿನ ಪ್ರಕಾರ, ಎಲ್ಲಿ ಅವರ ಹತ್ತಿರ ಹೋದ್ರಿ, ಅವರು ಏನು ಬದಲಾಯಿಸಿದರು. ಇದ್ದದ್ದನ್ನ ಇದ್ದ ಹಾಗೆ ಬರೆದರೆ ಸಾಕು. ಮಿನಿಯಾಪೊಲಿಸ್‌ನವರು ಕೆಂಪು ಹಚ್ಚಿ ಕಳಿಸಿದ ಹಾಳೆ ಇದೆ ಅಂದ್ರಲ್ಲ, ಮೇಲ್ವಿಚಾರಣೆಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ತುಂಗಾತೀರ

ಅಕ್ಕಾ, ಆ ಹಾಳೆಗಳು ಕಂಪನಿಯವು, ನನ್ನ ಹತ್ತಿರ ಇಲ್ಲ.

ಸುಮಾ_ಸ್ಯಾನ್‌ಹೊಸೆ

ಇರಬಾರದು ಕೂಡ. ಹಾಳೆ ಬೇಡಮ್ಮ, ನೆನಪು ಸಾಕು. ಆದರೆ ಇನ್ನು ಮೇಲಾದರೂ ತಿಂಗಳಿಗೊಂದು ಸಲ ನಿನ್ನದೇ ಪುಸ್ತಕದಲ್ಲಿ ಬರೆದಿಡು. ಪ್ರಾಜೆಕ್ಟಿನ ಬಗೆ, ಮಾಡಿದ ಲೆಕ್ಕ, ಮೇಲೆ ಇದ್ದ ಪಿಇ ಹೆಸರು, ಲೈಸೆನ್ಸ್ ನಂಬರ್, ಅವರ ಸ್ವಂತ ಇಮೇಲ್. ಆಫೀಸಿನ ಇಮೇಲ್ ಕೆಲಸ ಬಿಟ್ಟ ದಿನ ಸತ್ತುಹೋಗುತ್ತೆ.

ನೇರಮಾತು

ಇದೆಲ್ಲ ನೋಡಿದರೆ ನನಗೆ ಇದೊಂದು ಗಿಲ್ಡ್ ಅನ್ನಿಸುತ್ತೆ. ಒಳಗಿರೋರು ಹೊರಗಿನವರನ್ನ ತಡೆಯೋಕೆ ಮಾಡ್ಕೊಂಡ ಬೇಲಿ. ಕೆಲಸ ಬರುತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿ ಸಾಕು. ಮೂರು ಜನ ಸಹಿ ಹಾಕಬೇಕು ಅನ್ನೋದು ಯಾಕೆ? ಒರೆಗಾನ್‌ನಲ್ಲಿ ಏನು ಮಾಡಿದರು ಗೊತ್ತಲ್ಲ. ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಅಂತ, ಸ್ವೀಡನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರು. ಹೆಂಡತಿಗೆ ಕೆಂಪು ದೀಪದ ದಂಡ ಬಂತು ಅಂತ ಹಳದಿ ದೀಪ ಎಷ್ಟು ಸೆಕೆಂಡ್ ಇರಬೇಕು ಅನ್ನೋ ಸೂತ್ರವನ್ನೇ ಕೆದಕಿದರು. ಬೋರ್ಡಿಗೆ ಪತ್ರ ಬರೆದು "ನಾನು ಎಂಜಿನಿಯರ್" ಅಂದಿದ್ದಕ್ಕೆ 500 ಡಾಲರ್ ದಂಡ! ಲೈಸೆನ್ಸ್ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದಾರಂತೆ. 2018ರಲ್ಲಿ ಫೆಡರಲ್ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು ಅನ್ನಿ.

ಬೀಮ್‌ಭಟ್ಟ

ಒರೆಗಾನ್ ಬೋರ್ಡ್ ಮಾಡಿದ್ದು ಅತಿರೇಕವೇ, ಅದನ್ನ ಸಮರ್ಥಿಸೋ ಆಸೆ ನನಗಿಲ್ಲ. ಆದರೆ ಬೇಲಿ ಹಾಕಿದ್ದು ಯಾಕೆ ಅಂತಲೂ ನೋಡಬೇಕಲ್ವಾ.

ಅಮೆರಿಕದ ಮೊದಲ ಲೈಸೆನ್ಸ್ ಕಾನೂನು 1907ರಲ್ಲಿ ವಯೋಮಿಂಗ್‌ನಲ್ಲಿ ಬಂತು, ಕಾರಣ ನೀರಾವರಿ. ಕಾಲುವೆಗೆ ನೀರಿನ ಹಕ್ಕು ಕೇಳೋರು ಸಲ್ಲಿಸೋ ನಕ್ಷೆಗಳನ್ನ ವಕೀಲರು, ನೋಟರಿಗಳು, ಯಾರ್ಯಾರೋ ಬರೆದುಕೊಡ್ತಿದ್ದರು. ರಾಜ್ಯದ ಎಂಜಿನಿಯರ್ ಕ್ಲಾರೆನ್ಸ್ ಜಾನ್‌ಸ್ಟನ್ ಬೇಸತ್ತು ಕಾನೂನು ಬೇಕು ಅಂದರು. ನಮ್ಮ ಟೆಕ್ಸಸ್‌ದು ಇನ್ನೂ ಘೋರ. 1937ರ ಮಾರ್ಚ್ 18, ನ್ಯೂ ಲಂಡನ್ ಅನ್ನೋ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ ಸ್ಫೋಟ. ಅನಿಲಕ್ಕೆ ವಾಸನೆ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಹೆಚ್ಚುಕಡಿಮೆ 300 ಜನ ಸತ್ತರು, ಬಹುಪಾಲು ಮಕ್ಕಳು. ಅದೇ ವರ್ಷ ಟೆಕ್ಸಸ್ ಎಂಜಿನಿಯರುಗಳ ನೋಂದಣಿ ಕಾನೂನು ತಂತು. ಅನಿಲಕ್ಕೆ ವಾಸನೆ ಬೆರೆಸೋ ನಿಯಮವೂ ಆಗಲೇ ಬಂದದ್ದು.

ಪರೀಕ್ಷೆ ಸಾಕು ಅಂದ್ರಿ. 1981ರಲ್ಲಿ ಕಾನ್ಸಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ಒಳಗಿನ ತೂಗು ನಡೆದಾರಿಗಳು ಬಿದ್ದು 114 ಜನ ಸತ್ತಾಗ ಹೊಣೆ ಹೊತ್ತಿದ್ದ ಎಂಜಿನಿಯರುಗಳಿಗೆ ಲೈಸೆನ್ಸ್ ಇತ್ತು. ಎರಡನೇ ಮತ್ತು ನಾಲ್ಕನೇ ಮಹಡಿಯ ನಡೆದಾರಿಗಳನ್ನ ಒಂದೇ ಉದ್ದ ಸರಳಿಗೆ ನೇತುಹಾಕೋದು ಮೂಲ ವಿನ್ಯಾಸ. ಕೆಲಸದ ಅನುಕೂಲಕ್ಕೆ ಅದನ್ನ ಎರಡು ತುಂಡು ಮಾಡಿದರು: ಮೇಲಿನ ನಡೆದಾರಿ ಛಾವಣಿಗೆ, ಕೆಳಗಿನದು ಮೇಲಿನದಕ್ಕೆ. ಕಾಗದದ ಮೇಲೆ ನೋಡಿದರೆ ಸಣ್ಣ ಬದಲಾವಣೆ. ಆದರೆ ಮೇಲಿನ ತೊಲೆಯ ನಟ್ಟಿನ ಮೇಲೆ ಭಾರ ದುಪ್ಪಟ್ಟಾಯ್ತು. ಶಾಪ್ ಡ್ರಾಯಿಂಗ್ (ಉಕ್ಕಿನ ಭಾಗ ತಯಾರಿಸೋರು ಮಾಡೋ ನಕ್ಷೆ) ಮೇಲೆ ಎಂಜಿನಿಯರ್ ಸ್ಟಾಂಪ್ ಇತ್ತು, ಆ ಜಂಟಿಯ ಲೆಕ್ಕವನ್ನ ಯಾರೂ ಹಾಕಿರಲಿಲ್ಲ. ಮಿಸ್ಸೌರಿ ಬೋರ್ಡ್ ಲೈಸೆನ್ಸುಗಳನ್ನ ಕಿತ್ತುಕೊಂಡಿತು.

ಪರೀಕ್ಷಾ ಕೊಠಡಿಯಲ್ಲಿ ನಿಮಗೆ ಸರಳು ಕೊಡ್ತಾರೆ, ಭಾರ ಕೊಡ್ತಾರೆ, ನೀವು ಲೆಕ್ಕ ಹಾಕ್ತೀರಿ. ಕೆಲಸದಲ್ಲಿ ಫ್ಯಾಬ್ರಿಕೇಟರ್ ಫೋನ್ ಮಾಡಿ "ಹೀಗೆ ಮಾಡಿದರೆ ಆಗುತ್ತಾ ಸರ್" ಅಂತಾನೆ. ಅಲ್ಲಿ ಕೂತು ಲೆಕ್ಕ ಹಾಕಬೇಕು ಅಂತ ಹೊಳೆಯೋದು ನಾಲ್ಕು ವರ್ಷ ಯಾರದೋ ಕೈಕೆಳಗೆ ಬೈಸಿಕೊಂಡ ಮೇಲೆ. ಮೂರು ಸಹಿ ಕೇಳೋದು ಅದಕ್ಕೇ.

ನೇರಮಾತು

ಸರಿ ಸ್ವಾಮಿ, ಅನುಭವ ಬೇಕು ಅನ್ನೋದು ಒಪ್ಪಿದೆ. ಆದರೆ ಹಯಾಟ್ ವಿಚಾರದಲ್ಲಿ ಲೈಸೆನ್ಸ್ ಇದ್ದವರೇ ತಪ್ಪಿದ್ದು ಅನ್ನೋದು ನನ್ನ ವಾದಕ್ಕೇ ಹೆಚ್ಚು ಒಗ್ಗುತ್ತೆ!

ಗದಗ_ಗಿರಿ (ಹುಬ್ಬಳ್ಳಿ)

ನಾ ಇಲ್ಲೆ ಹುಬ್ಬಳ್ಳ್ಯಾಗ ಕಟ್ಟಡದ ಕೆಲಸ ಮಾಡ್ತೇನ್ರಿ. ಓದಿ ನಗು ಬಂತು, ಹೊಟ್ಟೆಕಿಚ್ಚೂ ಬಂತು. ನಮ್ಮ ಕಡೆ ಪಾಲಿಕೆ ಒಂದು ನೋಂದಣಿ ಕೊಡ್ತದ, ಡಿಗ್ರಿ ಸರ್ಟಿಫಿಕೇಟು ತೋರ್ಸಿ ಫೀ ಕಟ್ಟಿದ್ರ ಆತು. ಆ ನಂಬರ್ ಇದ್ದವ್ರು ಎಷ್ಟೋ ಪ್ಲ್ಯಾನಿಗೆ ಸಹಿ ಮಾಡ್ತಾರ, ಸೈಟ್ ಎಲ್ಲೈತಿ ಅಂತ ಕೇಳಿದ್ರ ಗೊತ್ತಿರಂಗಿಲ್ಲ. ನಮ್ಮ ಧಾರವಾಡದಾಗ 2019ರ ಮಾರ್ಚ್‌ನ್ಯಾಗ ಕುಮಾರೇಶ್ವರ ನಗರದ ಕಟ್ಟಡ ಬಿತ್ತಲ್ಲ, 19 ಜನ ಸತ್ರು. ಪೊಲೀಸ್ ಕೇಸ್ ಆತು, ಅರೆಸ್ಟ್ ಆದ್ರು. ಆದ್ರ ಇನ್ನ ಮುಂದ ನೀ ಡಿಸೈನ್ ಮಾಡಬ್ಯಾಡ ಅಂತ ಕಸಗೊಳ್ಳಾಕ ಲೈಸೆನ್ಸ್ ಅಂಬೋದು ಇದ್ರ ತಾನ?

ಆರ್ಕಿಟೆಕ್ಟ್ ಮಂದಿಗೆ 1972ರಿಂದ ಕಾಯ್ದೆ ಐತಿ, ಕೌನ್ಸಿಲ್ ಐತಿ. ವಕೀಲರಿಗೈತಿ, ಡಾಕ್ಟರಿಗೈತಿ. ಸರ್ ಎಂ.ವಿ. ಹುಟ್ಟಿದ ನಾಡಿನ್ಯಾಗ ಎಂಜಿನಿಯರಿಗೆ ಇಲ್ಲ. ಸಪ್ಟೆಂಬರ್ 15ಕ್ಕ ಹಾರ ಹಾಕಿ ಭಾಷಣ ಮಾಡೂದು ಮಾತ್ರ ತಪ್ಪಂಗಿಲ್ಲ.

ಕೃಷ್ಣರಾಜಸಾಗರ

ಗಿರಿ ಅವರೇ, ನಿಮ್ಮ ಮಾತು ನಿಜ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡೋ ಚಾರ್ಟರ್ಡ್ ಎಂಜಿನಿಯರ್ ಪದವಿ ಇದೆ, 1920ರ ಹಳೇ ಸಂಸ್ಥೆ, ಗೌರವ ಇದೆ. ಆದರೆ ಅದಿಲ್ಲದೆ ಡಿಸೈನ್ ಮಾಡಬಾರದು ಅಂತ ಕಾನೂನು ಹೇಳಲ್ಲ. 2025ರಲ್ಲಿ ವೃತ್ತಿಪರ ಎಂಜಿನಿಯರುಗಳ ಮಸೂದೆಯ ಕರಡನ್ನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿದ್ದರು, ನೋಂದಣಿಗೆ ಒಂದು ರಾಷ್ಟ್ರೀಯ ಪರಿಷತ್ತು ಮಾಡೋ ಯೋಚನೆ. ಅದು ಕಾನೂನಾಗಿ ಬಂದರೆ ತುಂಗಾತೀರ ಅಂಥವರ ಪಾಡು ಅರ್ಧ ಕಡಿಮೆ ಆಗುತ್ತೆ, ಬೆಂಗಳೂರಿನ ಬಾಸ್‌ಗೂ ಒಂದು ನಂಬರ್ ಇರುತ್ತೆ.

ಗದಗ_ಗಿರಿ

ಬರಲಿ ನೋಡೂಣು. ಹಂಗಂತ ಪಾಲಿಕಿ ನೋಂದಣಿ ಹಂಗ ಆಗಬಾರದು, ಫೀ ಕಟ್ಟಿ ನಂಬರ್ ತಗೊಂಡ್ರ ಮುಗೀತು ಅನ್ನೂ ಹಂಗ.

ಕೋಡ್_ಕುಂದಾಪುರ (ಸಿಯಾಟಲ್)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಕೆಲಸದ ಹೆಸರೇ ಸಾಫ್ಟ್‌ವೇರ್ ಎಂಜಿನಿಯರ್. ನನ್ನನ್ನೂ ಒರೆಗಾನ್‌ನವರು ಹಿಡಿಯುತ್ತಾರಾ?

ಸುಮಾ_ಸ್ಯಾನ್‌ಹೊಸೆ

ನೆಮ್ಮದಿಯಾಗಿರಿ. ಕಂಪನಿಯೊಳಗೆ ಕೂತು ಅದರ ಉತ್ಪನ್ನಕ್ಕೆ ಕೆಲಸ ಮಾಡೋರಿಗೆ ಬಹುತೇಕ ರಾಜ್ಯಗಳಲ್ಲಿ ಕೈಗಾರಿಕಾ ವಿನಾಯಿತಿ ಇದೆ. ಕಾರು, ವಿಮಾನ, ಚಿಪ್ ಮಾಡೋರಲ್ಲೂ ಹೆಚ್ಚಿನವರಿಗೆ ಲೈಸೆನ್ಸ್ ಇಲ್ಲ. ಸಾರ್ವಜನಿಕರಿಗೆ ನೇರ ಸೇವೆ ಕೊಟ್ಟು ಡ್ರಾಯಿಂಗ್ ಮೇಲೆ ಸೀಲ್ ಹಾಕೋರಿಗೇ ಇದು ಬೇಕಾಗೋದು, ಅದಕ್ಕೇ ಸಿವಿಲ್‌ನವರು ಇಷ್ಟು ಒದ್ದಾಡ್ತೀವಿ. ಸಾಫ್ಟ್‌ವೇರ್‌ಗೂ ಪಿಇ ಪರೀಕ್ಷೆ ಒಂದಿತ್ತು ಗೊತ್ತಾ? 2013ರಲ್ಲಿ ಶುರು ಮಾಡಿ 2019ರಲ್ಲಿ ನಿಲ್ಲಿಸಿದರು. ಅಷ್ಟೂ ಸಲ ಸೇರಿ ಬರೆದವರು 81 ಮಂದಿ.

ಕೋಡ್_ಕುಂದಾಪುರ

81! ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ ಮಾರಾಯ್ರೆ.

ಹೊಸಬ_ಹಾಸನ

ಸರ್, ನಾನು ಈಗ ಎಂಎಸ್ ಮೊದಲ ಸೆಮ್, ಟೆಕ್ಸಸ್. ಪಿಇ ಪರೀಕ್ಷೆ ಬರೆಯೋಕೂ ನಾಲ್ಕು ವರ್ಷ ಕಾಯಬೇಕಾ? ಓದಿದ್ದೆಲ್ಲ ಮರೆತು ಹೋಗಿರುತ್ತಲ್ಲ.

ಕೃಷ್ಣರಾಜಸಾಗರ

ಟೆಕ್ಸಸ್ ಸೇರಿ ಹಲವು ರಾಜ್ಯಗಳಲ್ಲಿ ಕಾಯಬೇಕಿಲ್ಲ. ಮೊದಲು ನೆವಾಡದವರು ಶುರು ಮಾಡಿದರು, ಅನುಭವ ತುಂಬೋ ಮೊದಲೇ ಪರೀಕ್ಷೆ ಬರೆಯೋ ಅವಕಾಶ. ಪಾಸಾದ ಮೇಲೂ ಲೈಸೆನ್ಸ್ ಸಿಗೋದು ವರ್ಷ ತುಂಬಿದ ಮೇಲೇ.

ಮೊದಲು ಎಫ್‌ಇ ಮುಗಿಸಿ. 110 ಪ್ರಶ್ನೆ, 5 ಗಂಟೆ 20 ನಿಮಿಷ, ವರ್ಷವಿಡೀ ಕಂಪ್ಯೂಟರಲ್ಲಿ ನಡೆಯುತ್ತೆ. ಸೂತ್ರಗಳ ಕೈಪಿಡಿ ಪರದೆ ಮೇಲೇ ಇರುತ್ತೆ, ಆದ್ದರಿಂದ ಬಾಯಿಪಾಠ ಬೇಡ, ಯಾವ ಸೂತ್ರ ಯಾವ ಪುಟದಲ್ಲಿದೆ ಅನ್ನೋ ರೂಢಿ ಬೇಕು. ಸಿವಿಲ್ ಪಿಇ 80 ಪ್ರಶ್ನೆ, 8 ಗಂಟೆ. ಸ್ಟ್ರಕ್ಚರಲ್, ಜಿಯೋಟೆಕ್, ಸಾರಿಗೆ, ಜಲಸಂಪನ್ಮೂಲ-ಪರಿಸರ, ಕನ್‌ಸ್ಟ್ರಕ್ಷನ್, ಈ ಐದರಲ್ಲಿ ಒಂದನ್ನ ಆರಿಸ್ಕೋಬೇಕು. ಹಿಂದೆ ಸೂಟ್‌ಕೇಸ್ ತುಂಬ ಪುಸ್ತಕ ಎಳಕೊಂಡು ಹೋಗ್ತಿದ್ದೆವು, 2022ರಿಂದ ಸಿವಿಲ್ ಕೂಡ ಕಂಪ್ಯೂಟರಿಗೆ ಬಂತು, ಆ ಸಂಭ್ರಮ ಮುಗೀತು.

ಕ್ಯಾಲ್ಕುಲೇಟರ್ ಮಾತ್ರ ಅವರ ಪಟ್ಟಿಯಲ್ಲಿದ್ದದ್ದೇ ಬೇಕು. ಖುಷಿ ಪಡಿ, ಕ್ಯಾಸಿಯೊ ಎಫ್‌ಎಕ್ಸ್-991 ಪಟ್ಟಿಯಲ್ಲಿದೆ. ಮೊದಲ ಸೆಮ್‌ನಲ್ಲಿ ಕೊಂಡಿದ್ದನ್ನೇ ತಗೊಂಡು ಹೋಗಿ.

ಹೊಸಬ_ಹಾಸನ

ಅಯ್ಯೋ, ಅದನ್ನ ತಂಗಿಗೆ ಕೊಟ್ಟುಬಂದೆ!

ಬೀಮ್‌ಭಟ್ಟ

ಹಾಸನದವರಿಗೆ ಇನ್ನೊಂದು ಮಾತು. ಓದು ಮುಗಿದ ಮೇಲೆ ಮೊದಲ ಕೆಲಸ ಆರಿಸುವಾಗ ಸಂಬಳ ಒಂದನ್ನೇ ನೋಡಬೇಡಿ. "ನನ್ನ ಮೇಲೆ ಪಿಇ ಯಾರು ಇರ್ತಾರೆ" ಅಂತ ಇಂಟರ್‌ವ್ಯೂನಲ್ಲೇ ಕೇಳಿ, ಅದು ಅಪ್ರಸ್ತುತ ಅಂತ ಯಾರೂ ಅಂದುಕೊಳ್ಳಲ್ಲ. ಗುತ್ತಿಗೆದಾರರ ಬಳಿ ಪ್ರಾಜೆಕ್ಟ್ ಎಂಜಿನಿಯರ್ ಅನ್ನೋ ಹೆಸರಿನ ಕೆಲಸ ಬೇಗ ಸಿಗುತ್ತೆ, ಸಂಬಳವೂ ಚೆನ್ನಾಗಿರುತ್ತೆ. ಆದರೆ ಬಿಲ್ಲು, ವೇಳಾಪಟ್ಟಿ, ಫೋನಲ್ಲೇ ನಾಲ್ಕು ವರ್ಷ ಕಳೆದರೆ ಅದರಲ್ಲಿ ಎಷ್ಟು ಎಂಜಿನಿಯರಿಂಗ್ ಅಂತ ಬೋರ್ಡಿಗೆ ತೋರಿಸೋದು ಕಷ್ಟ. ವೀಸಾ ಗಡಿಬಿಡಿಯಲ್ಲಿ ಸಿಕ್ಕಿದ್ದು ಹಿಡಿಯಲೇಬೇಕು ಅನ್ನೋ ಪರಿಸ್ಥಿತಿ ನನಗೂ ಗೊತ್ತು. ಆಯ್ಕೆ ಇದ್ದರೆ ಹೇಳಿದೆ ಅಷ್ಟೇ.

ಪಾಂಡು_ಪ್ಲೇನೋ

ಕ್ಯಾಲಿಫೋರ್ನಿಯಾದಲ್ಲಿ ಎರಡೇ ವರ್ಷ ಸಾಕಂತೆ, ಅಲ್ಲಿ ಮಾಡಿಕೊಂಡು ಬಂದರೆ?

ಸುಮಾ_ಸ್ಯಾನ್‌ಹೊಸೆ

ಅಡ್ಡದಾರಿ ಅಲ್ಲ ಪಾಂಡು ಅವರೇ, ಲೆಕ್ಕದ ರೀತಿ ಬೇರೆ. ಇಲ್ಲಿ ಒಟ್ಟು 6 ವರ್ಷ ಅಂತ. ಎಬಿಇಟಿ ಪದವಿಗೆ ಅದರಲ್ಲಿ 4 ವರ್ಷ ಕಳೀತಾರೆ, ಹಾಗಾಗಿ ಮಿಕ್ಕಿದ್ದು ಎರಡು. ಮಾನ್ಯತೆ ಇಲ್ಲದ ಪದವಿಗೆ 2 ಮಾತ್ರ ಕಳೀತಾರೆ, ಆಗ ಮಿಕ್ಕಿದ್ದು ನಾಲ್ಕು. ಅದರ ಮೇಲೆ ಸಿವಿಲ್‌ನವರಿಗೆ ರಾಜ್ಯದ್ದೇ ಎರಡು ಪರೀಕ್ಷೆ ಜಾಸ್ತಿ: ಭೂಕಂಪ ಮತ್ತು ಸರ್ವೆ. ರೆಫರೆನ್ಸ್ ಮೂರಲ್ಲ, ನಾಲ್ಕು. ಸರ್ವೆ ಪರೀಕ್ಷೆಗೆ ಕೂತಾಗ ಕಾಲೇಜಿನ ಸರ್ವೆ ಕ್ಯಾಂಪಿನಲ್ಲಿ ಥಿಯೊಡೊಲೈಟ್ ಹೊರೋದು ಬಿಟ್ಟು ಬೇರೇನೂ ಕಲಿಯಲಿಲ್ಲವಲ್ಲ ಅಂತ ಅನ್ನಿಸಿತ್ತು.

ಮುಖ್ಯ ಸಂಗತಿ, ಇಲ್ಲಿ ಎರಡು ವರ್ಷಕ್ಕೆ ಲೈಸೆನ್ಸ್ ತಗೊಂಡು ಟೆಕ್ಸಸ್‌ಗೆ ಹೋದರೆ ಟೆಕ್ಸಸ್ ತನ್ನ ನಿಯಮದ ವರ್ಷಗಳನ್ನ ಕೇಳೇ ಕೇಳುತ್ತೆ. ಲೈಸೆನ್ಸ್ ರಾಜ್ಯದ್ದು, ದೇಶದ್ದಲ್ಲ.

ತುಂಗಾತೀರ

ಅಪ್‌ಡೇಟ್: ಮಿನಿಯಾಪೊಲಿಸ್‌ನವರು ಸಿಕ್ಕಿದರು. ಲೈಸೆನ್ಸ್ ಚಾಲ್ತಿಯಲ್ಲಿದೆ. ಒಂದು ಪುಟ ಕಳಿಸಿದ್ದಕ್ಕೆ ಎರಡು ಕಡೆ ತಿದ್ದಿ ವಾಪಸ್ ಕಳಿಸಿದ್ದಾರೆ, ಆಗಿನ ಥರವೇ! ಒಂದು ಪ್ರಾಜೆಕ್ಟಲ್ಲಿ ಅಡಿಪಾಯದ ಲೆಕ್ಕ ನಾನು ಮಾಡಿದ್ದು ಅಂತ ಬರೆದಿದ್ದೆ, ಅದು ಜಿಯೋಟೆಕ್ ಸಲಹೆಗಾರರ ವರದಿ ಆಧರಿಸಿದ್ದು ಅಂತ ಸೇರಿಸು ಅಂದರು. ಮೊದಲ ಎಂಟು ತಿಂಗಳ ಕೆಲಸಕ್ಕೆ ಮಾತ್ರ ಸಹಿ ಹಾಕಲ್ಲ ಅಂದರು, ಆಗ ಅವರು ನಮ್ಮ ತಂಡಕ್ಕೆ ಬಂದಿರಲಿಲ್ಲ.

ಬೀಮ್‌ಭಟ್ಟ

ಅಂಥವರ ಸಹಿಗೇ ಬೆಲೆ. ಎಂಟು ತಿಂಗಳು ಬಿಡಿ, ಹ್ಯೂಸ್ಟನ್ನಿನ ಎರಡು ವರ್ಷ ಮತ್ತು ಅವರು ಒಪ್ಪಿದ್ದು ಸೇರಿದರೆ ನಾಲ್ಕು ದಾಟುತ್ತೆ. ಬಿಇ ಮೌಲ್ಯಮಾಪನ ಬಂದ ಮೇಲೆ ಅರ್ಜಿ ಹಾಕಿ, ಅಷ್ಟರಲ್ಲಿ ಪಿಇ ಪರೀಕ್ಷೆಗೆ ತಾರೀಖು ಹಿಡಿದುಬಿಡಿ. ಟೆಕ್ಸಸ್‌ನ ವೃತ್ತಿನೀತಿ ಪರೀಕ್ಷೆ ಒಂದು ಇದೆ, ಮನೆಯಲ್ಲೇ ಕಾನೂನು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೀಬಹುದು. ಲೈಸೆನ್ಸ್ ಬಂದ ಮೇಲೂ ವರ್ಷಕ್ಕೆ 15 ಗಂಟೆ ಕಲಿಕೆ ತೋರಿಸಬೇಕು, ಅದರಲ್ಲಿ ಒಂದು ಗಂಟೆ ನೀತಿ.

ಪಾಂಡು_ಪ್ಲೇನೋ

ಮೇಡಂ, ಆ ಒಂದು ಪುಟದ ಮಾದರಿ ಹೆಸರುಗಳನ್ನ ತೆಗೆದು ಇಲ್ಲಿ ಹಾಕ್ತೀರಾ? ನಂದೂ ಪುಣೆಯ ಎರಡು ವರ್ಷ ಇದೆ. ಬಿಟ್ಟುಬಿಟ್ಟಿದ್ದೆ.

ತುಂಗಾತೀರ

ಭಾನುವಾರ ಹಾಕ್ತೀನಿ. ಪುಣೆಯಲ್ಲಿ ನಿಮ್ಮ ಮೇಲೆ ಪಿಇ ಯಾರಿದ್ದರು, ಮೊದಲು ಅದನ್ನ ಹುಡುಕಿ.